ಗಿಡ್ಡ ನಳಿಗೆಯ ಎಆರ್ ಪಿಸ್ತೂಲಿಗೆ ಯಾವ ಮೂತಿ?

ನನ್ನ ಏಳೂವರೆ ಇಂಚು ನಳಿಗೆಯ ಎಆರ್ ಪಿಸ್ತೂಲನ್ನು (ಎಆರ್-15 ರೈಫಲಿನ ವಿನ್ಯಾಸದ್ದೇ, ನಳಿಗೆ ಮಾತ್ರ ಗಿಡ್ಡ) ಮೊದಲ ಸಲ ಹಾರಿಸಿದ್ದು ಡಲ್ಲಾಸ್ ಹೊರವಲಯದ ಒಂದು ಒಳಾಂಗಣ ರೇಂಜಿನಲ್ಲಿ. ನಳಿಗೆಯ ತುದಿಯಲ್ಲಿ ಮೂರು ಕೋಣೆಗಳ ಮಜಲ್ ಬ್ರೇಕ್ ಇತ್ತು. ಒದೆತ ಕಡಿಮೆಯಾಗುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು; ಬರೆದದ್ದು ಸುಳ್ಳೂ ಅಲ್ಲ. ಆದರೆ ಐದನೇ ಗುಂಡು ಹಾರುವಷ್ಟರಲ್ಲಿ ಪಕ್ಕದ ಲೇನಿನ ಹಿರಿಯರು ತಮ್ಮ ರಿವಾಲ್ವರನ್ನು ಪೆಟ್ಟಿಗೆಗೆ ಹಾಕಿ, ನನ್ನತ್ತ ತಿರುಗಿಯೂ ನೋಡದೆ ಹೊರಟುಹೋದರು. ನನ್ನ ಮುಂದಿನ ಕಟ್ಟೆಯ ಮೇಲಿದ್ದ ಗುರಿಕಾಗದಗಳೆಲ್ಲ ನೆಲದ ಮೇಲೆ ಹರಡಿದ್ದವು. ಮನೆಗೆ ಬಂದ ಮೇಲೆ ಹೆಂಡತಿ ಎರಡು ಸಲ ಕರೆದದ್ದು ನನಗೆ ಕೇಳಿಸಲಿಲ್ಲ.

ಅಂದು ಕಲಿತದ್ದು ಇಷ್ಟು: ನಳಿಗೆಯ ತುದಿಗೆ ತಿರುಪಿ ಹಾಕುವ ಈ ಉಕ್ಕಿನ ತುಂಡು ಸದ್ದು, ಬೆಂಕಿ, ಒತ್ತಡ ಯಾವುದನ್ನೂ ನುಂಗಿಹಾಕುವುದಿಲ್ಲ. ದಾರಿ ತಿರುಗಿಸುತ್ತದೆ, ಅಷ್ಟೆ. ಕಾಲುವೆಯ ನೀರನ್ನು ಒಬ್ಬರ ಗದ್ದೆಯಿಂದ ತಪ್ಪಿಸಿದರೆ ಅದು ಇನ್ನೊಬ್ಬರ ಗದ್ದೆಗೆ ನುಗ್ಗಲೇಬೇಕು. ಹಾಗಾಗಿ ಮೂತಿ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವುದು ಒಳ್ಳೆಯದು" ಎಂಬುದಲ್ಲ, "ಈ ಅನಿಲ ಯಾವ ಕಡೆ ಹೋಗಬೇಕು, ಆ ಕಡೆ ಯಾರಿದ್ದಾರೆ" ಎಂಬುದು. ಇಡೀ ಬರಹದಲ್ಲಿ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ. ನಳಿಗೆಯ ತುದಿಯ ಇಂಥ ತುಂಡುಗಳನ್ನು ಮಜಲ್ ಡಿವೈಸ್ ಎಂದು ಪ್ರತಿ ಸಾಲಿನಲ್ಲೂ ಬರೆಯುವ ಬದಲು ಮೂತಿ ಎನ್ನುತ್ತೇನೆ.

ಅಂಗಡಿಗೆ ಹೋಗುವ ಮುನ್ನ ಕಾನೂನು

ಇದು ಅಮೆರಿಕದ ವಿಷಯ. ಭಾರತದಲ್ಲಿ ಈ ಬಗೆಯ ಆಯುಧ ಖಾಸಗಿ ಪರವಾನಗಿಗೆ ಸಿಗುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬೇರೆಯೇ ಬಗೆಯ ಕೋವಿಗಳಿಗೆ ಸಂಬಂಧಿಸಿದ್ದು. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು ಇಲ್ಲಿಗೆ ಬಂದಾಗ, ಬಂದೂಕು ನಮಗೇನು ಹೊಸದೇ ಎಂದುಕೊಳ್ಳುವುದು ಸಹಜ. ಬಂದೂಕು ಹೊಸದಲ್ಲದಿರಬಹುದು, ಕಾನೂನು ಮಾತ್ರ ಪೂರ್ತಿ ಹೊಸದು.

ನಮ್ಮವರಲ್ಲಿ ಬಹಳ ಜನ ಎಡವುವ ಜಾಗ ವೀಸಾ. ಎಚ್-1ಬಿ, ಎಫ್-1 ಮೊದಲಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇರುವುದೂ ಸೇರಿದಂತೆ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಹೊಂದಿದಂತೆಯೇ ಲೆಕ್ಕ. ವಾರಾಂತ್ಯಕ್ಕೆ ಮನೆಗೆ ಬಂದ ಗೆಳೆಯನ ಕೈಗೆ ಉತ್ಸಾಹದಿಂದ ಬಂದೂಕು ಕೊಡುವ ಮೊದಲು ಅವನ ವೀಸಾ ಯಾವುದೆಂದು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಇನ್ನು ಪಿಸ್ತೂಲು ಎಂಬ ಹೆಸರಿನ ವಿಷಯ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಭುಜಕ್ಕೆ ಒರಗುವ ಸ್ಟಾಕ್ ಇದ್ದು ನಳಿಗೆ 16 ಇಂಚಿಗಿಂತ ಗಿಡ್ಡವಾಗಿದ್ದರೆ ಅದು ಶಾರ್ಟ್ ಬ್ಯಾರೆಲ್ಡ್ ರೈಫಲ್. ಮೊದಲೇ ನೋಂದಾಯಿಸಿ ಅನುಮತಿ ಪಡೆಯಬೇಕು. ಸ್ಟಾಕ್ ಇಲ್ಲದೆ ಪಿಸ್ತೂಲಾಗಿಯೇ ತಯಾರಾಗಿದ್ದರೆ ಅದು ಪಿಸ್ತೂಲು. ನೋಡುವುದಕ್ಕೆ ಎರಡೂ ಅಣ್ಣತಮ್ಮಂದಿರು. ಮುಂಗೈಗೆ ಕಟ್ಟುವ ಬ್ರೇಸ್ ಇರುವ ಬಹುಪಾಲು ಪಿಸ್ತೂಲುಗಳನ್ನು ರೈಫಲ್ ಪಟ್ಟಿಗೆ ಸೇರಿಸುವ ನಿಯಮವನ್ನು ಎಟಿಎಫ್ (ಬಂದೂಕು ಕಾನೂನು ಜಾರಿಮಾಡುವ ಫೆಡರಲ್ ಸಂಸ್ಥೆ) 2023ರ ಜನವರಿಯಲ್ಲಿ ಹೊರಡಿಸಿತು. 2024ರ ಜೂನ್‌ನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನೋಂದಣಿಗೆ ಕಟ್ಟಬೇಕಾಗಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಗಿಡ್ಡ ರೈಫಲ್‌ಗಳಿಗೂ ಸೈಲೆನ್ಸರ್‌ಗಳಿಗೂ ಸೊನ್ನೆಯಾಗಿದೆ. ತೆರಿಗೆ ಹೋಯಿತೆಂದು ನೋಂದಣಿ ಹೋಗಿಲ್ಲ, ಇದನ್ನು ಮರೆತವರಿಗೆ ಹತ್ತು ವರ್ಷದವರೆಗೆ ಜೈಲು ಕಾದಿದೆ.

ತಿರುಪಿ ತೆಗೆಯಬಹುದಾದ ಮೂತಿ ನಳಿಗೆಯ ಉದ್ದದ ಲೆಕ್ಕಕ್ಕೆ ಬರುವುದಿಲ್ಲ. ಪಿನ್ ಹೊಡೆದು ವೆಲ್ಡ್ ಮಾಡಿದ್ದು ಮಾತ್ರ ಬರುತ್ತದೆ. ಹನ್ನೊಂದೂವರೆ ಇಂಚಿನ ನಳಿಗೆಗೆ ಐದೂವರೆ ಇಂಚಿನ ಮೂತಿ ವೆಲ್ಡ್ ಮಾಡಿಸಿ 16 ದಾಟಿಸುವ ಉಪಾಯವೂ ಚಾಲ್ತಿಯಲ್ಲಿದೆ. ಹಾಗೆ ಮಾಡುವುದಕ್ಕಿಂತ ಉದ್ದದ ನಳಿಗೆಯನ್ನೇ ಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ರಾಜ್ಯದ ಕಾನೂನು ಇನ್ನೊಂದು ಗೋಜಲು. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಜಿನ್ ಕಳಚಬಹುದಾದ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ನಳಿಗೆಗೆ ಥ್ರೆಡ್ (ಮೂತಿ ತಿರುಪುವ ಗೆರೆಗಳು) ಇದ್ದರೆ ಅಷ್ಟಕ್ಕೇ ಅದು ಅಸಾಲ್ಟ್ ವೆಪನ್ ಎಂಬ ನಿಷೇಧಿತ ವರ್ಗಕ್ಕೆ ಸೇರಿಬಿಡಬಹುದು. ಅಲ್ಲಿರುವವರಿಗೆ ಈ ಮಾರ್ಗದರ್ಶಿ ಇಲ್ಲಿಗೇ ಮುಗಿಯಿತು. ನ್ಯೂಯಾರ್ಕಿನ ಕಾನೂನು ರೈಫಲ್‌ಗಳ ವಿಷಯದಲ್ಲಿ ಬೆಂಕಿ ತಗ್ಗಿಸುವ ಮೂತಿಯಾದ ಫ್ಲ್ಯಾಶ್ ಹೈಡರನ್ನಷ್ಟೇ ಅಲ್ಲ, ಬ್ರೇಕನ್ನೂ ಹೆಸರಿಸುತ್ತದೆ. ತಮಾಷೆಯೆಂದರೆ ಆ ಶಾಸನ ಬರೆದವರು ಬ್ರೇಕ್ ಪದದ ಸ್ಪೆಲಿಂಗನ್ನೇ ತಪ್ಪಿ, ತಡೆಯುವ ಬ್ರೇಕಿನ ಬದಲು ಮುರಿಯುವ ಬ್ರೇಕ್ ಎಂದು ಬರೆದಿಟ್ಟಿದ್ದಾರೆ. ನಿಮ್ಮ ರಾಜ್ಯದ ನಿಯಮವನ್ನು ಅಂಗಡಿಯವರ ಬಾಯಿಂದ ಕೇಳಬೇಡಿ, ನೀವೇ ಓದಿ.

ಊರಿಗೆ ಹೋಗುವಾಗ ಭಾವಮೈದುನನಿಗೆ ತೋರಿಸೋಣ ಎಂದು ಮೂತಿಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಅಮೆರಿಕದಿಂದ ಬಂದೂಕಿನ ಭಾಗಗಳನ್ನು ಹೊರಗೆ ಒಯ್ಯಲು ರಫ್ತು ನಿಯಮಗಳಿವೆ. 1959ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಎಂದರೆ ಅದರ ಬಿಡಿಭಾಗಗಳೂ ಸೇರಿದವು. ರೇಂಜಿಗೆ ಒಯ್ಯುವ ಚೀಲವನ್ನೇ ವಿಮಾನಕ್ಕೆ ಒಯ್ಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ದೇವನಹಳ್ಳಿಯಲ್ಲಿ ಇಡೀ ರಜೆಯನ್ನು ತಿಂದುಹಾಕಬಲ್ಲದು.

ಗಿಡ್ಡ ನಳಿಗೆಯೊಳಗೆ ಆಗುವುದೇನು

ಎಆರ್‌ಗಳಲ್ಲಿ ಸಾಮಾನ್ಯವಾದ 5.56 ಎಂಎಂ ತೋಟಾ 20 ಇಂಚಿನ ನಳಿಗೆಯೊಂದಿಗೆ ಬೆಳೆದದ್ದು. ಎಂ16 ರೈಫಲಿನ ಆ ಉದ್ದದಲ್ಲಿ 55 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 3,200 ಅಡಿಗೂ ಹೆಚ್ಚು ವೇಗದಲ್ಲಿ ಹೊರಬೀಳುತ್ತದೆ. ಏಳೂವರೆ ಇಂಚಿನಲ್ಲಿ ಅದಕ್ಕಿಂತ ಏಳೆಂಟು ನೂರು ಅಡಿ ಕಡಿಮೆ. ಕಳೆದುಹೋದ ಆ ವೇಗ ಎಲ್ಲಿ ಹೋಯಿತು? ಗುಂಡನ್ನು ತಳ್ಳಬೇಕಾಗಿದ್ದ ಒತ್ತಡ, ತಳ್ಳಿ ಮುಗಿಸುವ ಮೊದಲೇ ಬಾಯಿಂದ ಹೊರಗೆ ಸಿಡಿಯಿತು. ಸಿಡಿದ ಅನಿಲದಲ್ಲಿ ಪೂರ್ತಿ ಉರಿಯದ ಇಂಧನವಿರುತ್ತದೆ, ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಅದು ಹೊರಗಿನ ಗಾಳಿಯೊಂದಿಗೆ ಬೆರೆತಾಗ ಮತ್ತೊಮ್ಮೆ ಹೊತ್ತಿಕೊಳ್ಳುತ್ತದೆ. ಸಂಜೆಯ ಹೊತ್ತು ಬಾಸ್ಕೆಟ್‌ಬಾಲ್ ಗಾತ್ರದ ಕಿತ್ತಳೆ ಉಂಡೆಯಾಗಿ ಕಾಣುವುದು ಈ ಎರಡನೇ ಉರಿ.

ಹಾಗಾಗಿ ಉದ್ದ ರೈಫಲ್‌ಗಳಿಗಾಗಿ ಬರೆದ ಸಲಹೆ ಇಲ್ಲಿ ಹೊಂದುವುದಿಲ್ಲ. 16 ಇಂಚಿನಲ್ಲಿ ಸಭ್ಯವಾಗಿ ವರ್ತಿಸುವ ಬ್ರೇಕ್ 7.5 ಇಂಚಿನಲ್ಲಿ ಪಟಾಕಿ ಅಂಗಡಿಗೆ ಕಿಡಿ ಬಿದ್ದಂತೆ ಆಡುತ್ತದೆ.

ತೋಟಾ ಬದಲಾದರೆ ಲೆಕ್ಕವೂ ಬದಲು. .300 ಬ್ಲ್ಯಾಕ್‌ಔಟ್ ಗಿಡ್ಡ ನಳಿಗೆಯನ್ನು ಕಣ್ಣ ಮುಂದಿಟ್ಟುಕೊಂಡೇ ಹುಟ್ಟಿದ್ದು, 2011ರಲ್ಲಿ ಅಮೆರಿಕದ ತೋಟಾ ಮಾನದಂಡ ಸಂಸ್ಥೆ ಸಾಮಿಯ ಮಾನ್ಯತೆ ಪಡೆಯಿತು. ಅದರ ಮದ್ದು ಬೇಗ ಉರಿಯುವುದರಿಂದ ಒಂಬತ್ತು ಇಂಚಿನ ಆಸುಪಾಸಿನಲ್ಲೇ ಬಹುಪಾಲು ಕೆಲಸ ಮುಗಿದಿರುತ್ತದೆ, ಬೆಂಕಿಯೂ ಕಡಿಮೆ. 9 ಎಂಎಂ ಎಆರ್ ಆದರೆ ಬ್ರೇಕಿಗೆ ಕೆಲಸ ಮಾಡಲು ಬೇಕಾದಷ್ಟು ಅನಿಲವೇ ಇರುವುದಿಲ್ಲ. ಥ್ರೆಡ್ ಕಾಯುವ ಒಂದು ಮುಚ್ಚಳ ಸಾಕು, ಉಳಿದ ದುಡ್ಡಿಗೆ ಗುಂಡು ಕೊಳ್ಳಿ. ಮುಂದಿನ ಮಾತುಗಳು ಹೆಚ್ಚಾಗಿ 5.56ರ ಬಗ್ಗೆ.

ಎಲ್ಲಿ, ಯಾರ ಪಕ್ಕ ಹಾರಿಸುತ್ತೀರಿ?

ಒಂದು ಕಾಗದ ತೆಗೆದುಕೊಂಡು ಪ್ರಾಮಾಣಿಕವಾಗಿ ಬರೆಯಿರಿ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಒಳಾಂಗಣ ರೇಂಜಿಗೆ ಹೋದಿರಿ, ಎಷ್ಟು ಸಲ ಬಯಲಿಗೆ? ಪಕ್ಕದಲ್ಲಿ ಯಾರಾದರೂ ಇರುತ್ತಾರೆಯೇ, ನಿಮ್ಮ ಮಗಳು ಜೊತೆಗೆ ಬರುತ್ತಾಳೆಯೇ? ಕತ್ತಲಲ್ಲಿ ಹಾರಿಸುವ ಸಂದರ್ಭ ನಿಜವಾಗಿ ಇದೆಯೇ, ಕಲ್ಪನೆಯಲ್ಲಿ ಮಾತ್ರವೇ? ಮನೆಯ ರಕ್ಷಣೆಗೆ ಎಂದು ಇಟ್ಟುಕೊಳ್ಳುತ್ತೀರಾದರೆ ಕಿವಿಗೆ ಏನೂ ಹಾಕದೆ, ಹತ್ತು ಅಡಿ ಅಗಲದ ಕೋಣೆಯಲ್ಲಿ ಅದನ್ನು ಹಾರಿಸಿದಂತೆ ಕಲ್ಪಿಸಿಕೊಳ್ಳಿ.

ಕಿವಿಯ ಲೆಕ್ಕ ಹೀಗಿದೆ. 140 ಡೆಸಿಬೆಲ್ ದಾಟಿದ ಒಂದೇ ಸ್ಫೋಟದ ಸದ್ದು ಕೂಡ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಎಆರ್ ಬಗೆಯ ಬಂದೂಕುಗಳ ಸದ್ದು 160ರ ಸುತ್ತಮುತ್ತ ಇರುತ್ತದೆ, ಬ್ರೇಕ್ ಹಾಕಿದರೆ ಹಾರಿಸುವವನ ಕಿವಿಯ ಬಳಿ ಅದು ಇನ್ನೂ ಏರುತ್ತದೆ. ಕಿವಿಯೊಳಗಿನ ಪ್ಲಗ್ ಮೇಲೆ ಮಫ್ ಹಾಕಿದರೆ ಎರಡರ ಅಂಕಿಗಳು ಕೂಡಿಕೊಳ್ಳುವುದಿಲ್ಲ, ಹೆಚ್ಚಾಗಿ ಸಿಗುವುದು ಸುಮಾರು ಐದು ಡೆಸಿಬೆಲ್ ಮಾತ್ರ. ಆದರೂ ಗಿಡ್ಡ ನಳಿಗೆಯ ಪಕ್ಕ ನಿಂತಾಗ ಎರಡನ್ನೂ ಹಾಕಿ. ಆ ಐದು ಡೆಸಿಬೆಲ್ ಅಗ್ಗವಾಗಿಯೇ ಸಿಗುತ್ತದೆ.

ಮೂತಿಗಳ ಜಾತಿಗಳು

ಮೊದಲು ಫ್ಲ್ಯಾಶ್ ಹೈಡರ್. ಹೆಸರು ಕೇಳಿ ಬೆಂಕಿಯನ್ನು ಎದುರಿನವರಿಂದ ಮುಚ್ಚಿಡುತ್ತದೆ ಎಂದುಕೊಳ್ಳುವವರಿದ್ದಾರೆ. ನಿಜವಾದ ಕೆಲಸ ಹಾರಿಸುವವನ ಕಣ್ಣು ಕುಕ್ಕದಂತೆ ನೋಡಿಕೊಳ್ಳುವುದು. ಸೀಳುಗಳ ಮೂಲಕ ಅನಿಲವನ್ನು ಚದುರಿಸಿ ಎರಡನೇ ಉರಿ ಹೊತ್ತಿಕೊಳ್ಳದಂತೆ ಮಾಡುತ್ತದೆ. ಎಂ16ರ ಆರಂಭದ ಮಾದರಿಯಲ್ಲಿ ಮೂರು ತೆರೆದ ಕವಲುಗಳಿದ್ದವು. ವಿಯೆಟ್ನಾಮಿನ ಕಾಡಿನಲ್ಲಿ ಬಳ್ಳಿಗಳು ಸಿಕ್ಕಿಕೊಳ್ಳುತ್ತಿದ್ದವೆಂದು ತುದಿ ಮುಚ್ಚಿದ ಪಂಜರದ ರೂಪ ಬಂತು. ಆಮೇಲಿನ ಎ2 ಮಾದರಿಯಲ್ಲಿ ತಳದ ಸೀಳನ್ನೂ ಮುಚ್ಚಿದರು, ಮಲಗಿ ಹಾರಿಸುವಾಗ ಧೂಳು ಏಳದಿರಲಿ ಎಂದು. ಆ ಎ2 ಇಂದಿಗೂ ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ, ಮತ್ತು ಅರ್ಧಕ್ಕರ್ಧ ಜನರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. 7.5 ಇಂಚಿನಲ್ಲಿ ಮಾತ್ರ ಎ2 ಸೋಲುತ್ತದೆ. ಅಲ್ಲಿ ಉದ್ದ ಕವಲುಗಳ ಆಧುನಿಕ ಹೈಡರ್ ಬೇಕು. ತೆರೆದ ಕವಲಿನವು ಪ್ರತಿ ಗುಂಡಿಗೂ ಟ್ಯೂನಿಂಗ್ ಫೋರ್ಕಿನಂತೆ ಟಿಂಗ್ ಎನ್ನುತ್ತವೆ. ಕೆಲವರಿಗೆ ಅದು ಕಿರಿಕಿರಿ, ನನಗೆ ದೇವಸ್ಥಾನದ ಗಂಟೆಯ ನೆನಪು.

ಎರಡನೆಯದು ಬ್ರೇಕ್ ಮತ್ತು ಕಾಂಪೆನ್ಸೇಟರ್. ಬ್ರೇಕ್ ಅನಿಲವನ್ನು ಪಕ್ಕಕ್ಕೆ, ಕೆಲವೊಮ್ಮೆ ಹಿಂದಕ್ಕೆ ಹೊಡೆದು ಬಂದೂಕನ್ನು ಮುಂದಕ್ಕೆ ಎಳೆಯುತ್ತದೆ. ಕಾಂಪೆನ್ಸೇಟರ್ ಮೇಲಿನ ರಂಧ್ರಗಳಿಂದ ಹೊಡೆದು ನಳಿಗೆಯ ತುದಿ ಮೇಲೇಳದಂತೆ ಒತ್ತುತ್ತದೆ. ಬಹಳಷ್ಟು ಮಾದರಿಗಳು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತವೆ. ಗಿಡ್ಡ ನಳಿಗೆಯಲ್ಲಿ ಅನಿಲ ಹೇರಳವಾಗಿರುವುದರಿಂದ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ 5.56ರ ಒದೆತವೇ ಎಷ್ಟು? ಹನ್ನೆರಡು ಬೋರಿನ ತೋಟಾ ಕೋವಿ ಹಾರಿಸಿದವರಿಗೆ ಇದು ಬೆನ್ನು ತಟ್ಟಿದ ಹಾಗೆ. ಗಡಿಯಾರ ಹಿಡಿದು ಸ್ಪರ್ಧೆಗೆ ಇಳಿಯುವವರು ಬ್ರೇಕ್ ಹಾಕಿಕೊಳ್ಳಲಿ. ಉಳಿದವರು ಇಲ್ಲದ ರೋಗಕ್ಕೆ ಕಿವಿಯನ್ನು ತೆತ್ತು ಮದ್ದು ಕೊಂಡಂತೆ.

ಮೂರನೆಯದು ನಾನು ಕೊನೆಗೆ ಬಂದು ತಲುಪಿದ ಜಾತಿ: ಲೀನಿಯರ್ ಕಾಂಪೆನ್ಸೇಟರ್, ಅಥವಾ ಸದ್ದನ್ನು ಮುಂದಕ್ಕೆ ತಳ್ಳುವ ಮೂತಿ. ನೊವೆಸ್ಕಿ ಕಂಪನಿಯ ಕೆಎಕ್ಸ್3, ಕಾ ವ್ಯಾಲಿಯ ಲೀನಿಯರ್ ಕಾಂಪ್, ಶ್ಯೂರ್‌ಫೈರ್ ವಾರ್ಡನ್ ಇವೆಲ್ಲ ಈ ಕುಟುಂಬದವು. ಕೊಳವೆಯಾಕಾರ, ಪಕ್ಕದಲ್ಲಿ ರಂಧ್ರವಿಲ್ಲ, ಅನಿಲವೆಲ್ಲ ಮುಂದಕ್ಕೆ. ಸದ್ದಿನ ಒಟ್ಟು ಮೊತ್ತ ಹಾಗೇ ಉಳಿದರೂ ಹಾರಿಸುವವನಿಗೂ ಪಕ್ಕದವರಿಗೂ ಅದರ ಹೊಡೆತ ಗಮನಾರ್ಹವಾಗಿ ತಗ್ಗುತ್ತದೆ. ಒದೆತದಲ್ಲಿ ಉಪಕಾರವಿಲ್ಲ, ಕೂದಲೆಳೆಯಷ್ಟು ಹೆಚ್ಚೇ ಆಗಬಹುದು. ಬೆಂಕಿಯ ವಿಷಯದಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದೆ. ಕೆಲವು ಬೆಂಕಿಯುಂಡೆಯನ್ನು ಮುಂದಕ್ಕೆ ಉಗುಳುತ್ತವೆ. ಒಳಾಂಗಣ ರೇಂಜಿಗೆ, ಗುಂಪಿನಲ್ಲಿ ನಿಂತು ಹಾರಿಸುವವರಿಗೆ ಇದಕ್ಕಿಂತ ನೆರೆಹೊರೆಗೆ ಒಪ್ಪುವ ಮೂತಿ ಇಲ್ಲ.

ಸೋವಿಯತ್ ಎಕೆಎಸ್-74ಯು ಬಂದೂಕಿನ ತುದಿಯ ದಪ್ಪ ಡಬ್ಬವನ್ನು ಕಂಡು, ಅದೂ ಇದೇ ಇರಬೇಕೆಂದು ನಕಲು ಕೊಳ್ಳುವವರಿದ್ದಾರೆ. 206 ಮಿಲಿಮೀಟರಿನ ಆ ನಳಿಗೆಯಲ್ಲಿ ಬಂದೂಕು ತಾನಾಗಿ ಮರುತುಂಬಿಕೊಳ್ಳಲು ಬೇಕಾದ ಒತ್ತಡವೇ ಸಾಲದೆ ಬಂದು, ಒತ್ತಡ ಹಿಡಿದಿಡುವ ಬೂಸ್ಟರನ್ನು ಅಲ್ಲಿ ಇಟ್ಟರು. ಅದು ಆ ಯಂತ್ರದ ಅಂಗ. ನಿಮ್ಮ ಎಆರ್‌ಗೆ ಅದು ಬರೀ ಅಲಂಕಾರ.

ನಾಲ್ಕನೆಯದು ಸೈಲೆನ್ಸರ್. ನಿಜವಾಗಿ ಸದ್ದನ್ನು ಇಳಿಸುವುದು ಇದೊಂದೇ, ಮತ್ತು ನೋಂದಣಿಯಿಲ್ಲದೆ ಮುಟ್ಟುವಂತಿಲ್ಲ. ಮುಂದೆ ಎಂದಾದರೂ ಕೊಳ್ಳುವ ಮನಸ್ಸಿದ್ದರೆ ಈಗಲೇ ಆ ಕಂಪನಿಯ ಸೈಲೆನ್ಸರ್ ಸಿಕ್ಕಿಸುವ ಮೌಂಟ್ ಆಗಿಯೂ ಒದಗುವ ಹೈಡರ್ ತೆಗೆದುಕೊಳ್ಳಿ, ಎರಡು ಸಲ ಖರ್ಚು ತಪ್ಪುತ್ತದೆ. ಶುಚಿಗೊಳಿಸುವ ದ್ರಾವಕ ಹಿಡಿಯುವ ಬಟ್ಟಲು ಎಂಬ ನೆಪದಲ್ಲಿ ಅಗ್ಗಕ್ಕೆ ಮಾರುವ ಕೊಳವೆಗಳ ಹತ್ತಿರ ಸುಳಿಯಬೇಡಿ. ಕಾನೂನು ಹೆಸರನ್ನು ನೋಡುವುದಿಲ್ಲ. ವಿಯೆಟ್ನಾಂ ಕಾಲದ ಎಕ್ಸ್‌ಎಂ177 ಕಾರ್ಬೈನಿನ ಉದ್ದ ಮೂತಿ ಸದ್ದನ್ನು ತುಸುವೇ ಇಳಿಸುತ್ತಿತ್ತು. ಅಷ್ಟಕ್ಕೇ ಅದನ್ನೂ ಸೈಲೆನ್ಸರ್ ಎಂದೇ ವರ್ಗೀಕರಿಸಿದ್ದಾರೆ.

ಥ್ರೆಡ್ ಮತ್ತು ರಂಧ್ರ: ಇಲ್ಲಿ ಅವಸರ ಬೇಡ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. 5.56 ನಳಿಗೆಯ ತುದಿಯಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಇಂಚು ವ್ಯಾಸ, ಇಂಚಿಗೆ 28 ಸುತ್ತಿನ ಥ್ರೆಡ್. 1/2-28 ಎಂದು ಬರೆಯುತ್ತಾರೆ. .300 ಬ್ಲ್ಯಾಕ್‌ಔಟ್‌ಗೆ 5/8-24. ಎಕೆ ಬಗೆಯ 7.62x39 ಆದರೆ 14 ಮಿಲಿಮೀಟರಿನ ಎಡಗೈ ಥ್ರೆಡ್, ತಿರುಗಿಸುವ ದಿಕ್ಕೇ ಉಲ್ಟಾ.

ಅಪಾಯ ಇರುವುದು 9 ಎಂಎಂನಲ್ಲಿ. ಅದರ ಎಷ್ಟೋ ನಳಿಗೆಗಳ ಥ್ರೆಡ್ ಕೂಡ ಅದೇ 1/2-28. ಎಂದರೆ 5.56ರ ಮೂತಿ 9 ಎಂಎಂ ನಳಿಗೆಯ ಮೇಲೆ ಬೆಣ್ಣೆಯಂತೆ ಕೂರುತ್ತದೆ. 5.56ರ ಗುಂಡಿನ ವ್ಯಾಸ .224 ಇಂಚು, 9 ಎಂಎಂ ಗುಂಡಿನದು .355 ಇಂಚು. ಹುರುಳಿಕಾಳು ಹೋಗುವ ಜರಡಿಯಲ್ಲಿ ಕಡಲೆಕಾಳು ಹೋಗುತ್ತದೆಯೇ? ಗುಂಡು ಮೂತಿಯೊಳಗೆ ಬಡಿಯುತ್ತದೆ, ಉಕ್ಕು ಚೂರಾಗಿ ಎತ್ತೆಂದರತ್ತ ಹಾರುತ್ತದೆ. ಥ್ರೆಡ್ ಹೊಂದಿದರೆ ಮೂತಿ ಹೊಂದಿತು ಎಂದು ತಿಳಿಯಬಾರದು. ಮೂತಿಯ ಮೇಲೆ ಕೊರೆದಿರುವ ಕ್ಯಾಲಿಬರ್ ಓದಿ; ಕೊರೆದಿಲ್ಲವಾದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ರಂಧ್ರ ಅಳೆಯಿರಿ, ಅದು ಗುಂಡಿಗಿಂತ ಸ್ಪಷ್ಟವಾಗಿ ಅಗಲವಾಗಿರಬೇಕು. ದೊಡ್ಡ ರಂಧ್ರದ ಮೂತಿಯನ್ನು ಸಣ್ಣ ಗುಂಡಿಗೆ ಬಳಸಬಹುದು, ಕೆಲಸದಲ್ಲಿ ತುಸು ಕೊರತೆ ಬಂದೀತು, ಅಪಾಯವಿಲ್ಲ. ಅದನ್ನು ತಿರುಗುಮುರುಗು ಮಾಡುವಂತಿಲ್ಲ.

ಸೇರಿಸಿಯೇ ಹೇಳಿಬಿಡುತ್ತೇನೆ: .300 ಬ್ಲ್ಯಾಕ್‌ಔಟ್ ಮತ್ತು 5.56 ಒಂದೇ ಮ್ಯಾಗಜಿನ್ ಬಳಸುತ್ತವೆ. ಮನೆಯಲ್ಲಿ ಎರಡೂ ಇದ್ದರೆ ಮ್ಯಾಗಜಿನ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿ. ಬ್ಲ್ಯಾಕ್‌ಔಟ್ ತೋಟಾ 5.56 ಬಂದೂಕಿಗೆ ಹೋಗಿ ಸಿಡಿದರೆ ಮೂತಿ ಆರಿಸುವ ಪ್ರಶ್ನೆಯೇ ಉಳಿಯುವುದಿಲ್ಲ.

ಹ್ಯಾಂಡ್‌ಗಾರ್ಡಿನ ಅಂಚು ಮತ್ತು ನಿಮ್ಮ ಬೆರಳು

ಏಳೂವರೆ ಇಂಚಿನ ನಳಿಗೆ, ಅದನ್ನು ಸುತ್ತುವರಿದ, ಕೈ ಹಿಡಿಯುವ ಏಳು ಇಂಚಿನ ಹ್ಯಾಂಡ್‌ಗಾರ್ಡ್. ಎಡಗೈ ಚಾಚಿ ಹಿಡಿಯುವ ರೈಫಲ್ ಅಭ್ಯಾಸ ಇದ್ದವರ ತೋರುಬೆರಳು ನಳಿಗೆಯ ಬಾಯಿಯನ್ನು ದಾಟಿ ಹೋಗುವುದಕ್ಕೆ ಒಂದು ಕ್ಷಣದ ಮೈಮರೆವು ಸಾಕು. ಅಲ್ಲಿ ಕೈ ಮುಂದೆ ಜಾರದಂತೆ ತಡೆಯುವ ಒಂದು ಹ್ಯಾಂಡ್ ಸ್ಟಾಪ್ ಹಾಕಿ. ಹತ್ತಿಪ್ಪತ್ತು ಡಾಲರಿನ ತುಂಡು ಬೆರಳು ಉಳಿಸುತ್ತದೆ. ಆದರೆ ನೇರವಾಗಿ ಕೆಳಗೆ ಇಳಿಬೀಳುವ ಮುಂಗೈಹಿಡಿಯನ್ನು ಪಿಸ್ತೂಲಿಗೆ ಹಾಕಬೇಡಿ, ಪಿಸ್ತೂಲಿನ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಿದ್ದರೆ ಅದು ಕಾನೂನಿನ ಇನ್ನೊಂದು ವರ್ಗಕ್ಕೆ ಜಾರಿಬಿಡುತ್ತದೆ.

ಮೂತಿಯ ರಂಧ್ರಗಳು ಹ್ಯಾಂಡ್‌ಗಾರ್ಡಿನ ಒಳಗೆ ಅಡಗಬಾರದು. ಬ್ರೇಕಿನ ರಂಧ್ರ ಒಳಗಿದ್ದರೆ ಬಿಸಿ ಅನಿಲ ಹ್ಯಾಂಡ್‌ಗಾರ್ಡಿನ ಸಂದುಗಳಿಂದ ನಿಮ್ಮ ಅಂಗೈಗೇ ನುಗ್ಗುತ್ತದೆ. ಪಕ್ಕದ ರಂಧ್ರಗಳಿಲ್ಲದ ಲೀನಿಯರ್ ಮೂತಿ ಸ್ವಲ್ಪ ಒಳಗಿದ್ದರೆ ಅಡ್ಡಿಯಿಲ್ಲ, ಆದರೆ ಅದರ ಬಾಯಿ ಹೊರಗೇ ಇರಬೇಕು. ಹೊರವ್ಯಾಸ ಹ್ಯಾಂಡ್‌ಗಾರ್ಡಿನ ಒಳವ್ಯಾಸಕ್ಕಿಂತ ಸಣ್ಣದಿದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ. ಸ್ಪ್ಯಾನರ್ ಆಡಿಸುವಷ್ಟು ಜಾಗವೂ ಬೇಕು. ನಾನು ಮೊದಲ ಸಲ ಇದನ್ನು ಅಳೆಯದೆ ಕೊಂಡು, ಹ್ಯಾಂಡ್‌ಗಾರ್ಡ್ ಪೂರ್ತಿ ಬಿಚ್ಚಿ ಒಂದು ಭಾನುವಾರ ಕಳೆದೆ.

ಕೂರಿಸುವ ಕೆಲಸ

ಮ್ಯಾಗಜಿನ್ ತೆಗೆಯಿರಿ, ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮೇಲ್ಭಾಗವನ್ನು ಕಳಚಿ ಬೇರೆ ಮಾಡಿದರೆ ಇನ್ನೂ ನೆಮ್ಮದಿ.

ವೈಸಿಗೆ ಅಲ್ಯೂಮಿನಿಯಂ ರಿಸೀವರನ್ನು (ನಳಿಗೆ ಕೂರುವ ಬಂದೂಕಿನ ಒಡಲನ್ನು) ಸಿಕ್ಕಿಸಿ ಮೂತಿ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ತಿರುಚುವ ಬಲವೆಲ್ಲ ನಳಿಗೆಯನ್ನು ನೇರ ನಿಲ್ಲಿಸುವ ಸಣ್ಣ ಪಿನ್ನಿನ ಮೇಲೆ ಬಿದ್ದು, ಅದು ಕೂತ ಜಾಗ ಜಜ್ಜಿಹೋಗುತ್ತದೆ. ನಳಿಗೆಯನ್ನೇ ಹಿಡಿಯುವ ಬ್ಲಾಕ್, ಇಲ್ಲವೇ ಬೋಲ್ಟಿನ ಹಲ್ಲುಗಳ ಜಾಗದಲ್ಲಿ ಕಚ್ಚಿಕೊಳ್ಳುವ ರಿಯಾಕ್ಷನ್ ರಾಡ್ ಬಳಸಿ.

ಹಳೆಯ ಮೂತಿ ಬಿಚ್ಚಿ, ಥ್ರೆಡ್ಡನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ಒರೆಸಿ. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ನೋಡಿ. ಎರಡು ಸುತ್ತಿನೊಳಗೆ ಬಿಗಿದರೆ ಬಲ ಹಾಕಬೇಡಿ: ಥ್ರೆಡ್ ಬೇರೆಯದಿರಬೇಕು, ಇಲ್ಲವೇ ಓರೆಯಾಗಿ ಹತ್ತಿರಬೇಕು.

ನಡುವೆ ಹಾಕುವ ವಾಷರಿನಲ್ಲಿ ಎರಡು ದಾರಿ. ಎ2ಗೆ, ಸಾಮಾನ್ಯ ಬ್ರೇಕಿಗೆ ಕ್ರಷ್ ವಾಷರ್ ಸಾಕು; ಅದು ಬಿಗಿಯುವಾಗ ಜಜ್ಜಿಕೊಂಡು ಹಿಡಿತ ಕೊಡುತ್ತದೆ. ಒಮ್ಮೆ ಜಜ್ಜಿದ್ದನ್ನು ಮತ್ತೆ ಬಳಸುವಂತಿಲ್ಲ, ಆದ್ದರಿಂದ ಎರಡು ಮೂರು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಸೈಲೆನ್ಸರ್ ಮೌಂಟಿಗೆ ಕ್ರಷ್ ವಾಷರ್ ಹಾಕಬಾರದು. ಅದು ಸಮನಾಗಿ ಜಜ್ಜದೆ ಮೂತಿಯನ್ನು ಕೂದಲೆಳೆಯಷ್ಟು ಓರೆ ಮಾಡಬಹುದು, ಆ ಓರೆ ಸೈಲೆನ್ಸರಿನ ಕೊನೆಯಷ್ಟರಲ್ಲಿ ಗುಂಡು ಬಡಿಯುವಷ್ಟಾಗುತ್ತದೆ. ಅಲ್ಲಿಗೆ ಶಿಮ್ ಎಂಬ ತೆಳು ಲೋಹದ ಬಳೆಗಳನ್ನು ಒಂದರ ಮೇಲೊಂದು ಪೇರಿಸಬೇಕು.

ಕೈಯಿಂದ ಬಿಗಿದ ಮೇಲೆ ಎ2ನ ಮುಚ್ಚಿದ ಭಾಗ, ಅಥವಾ ಬ್ರೇಕಿನ ಮೇಲ್ರಂಧ್ರ, ಎಲ್ಲಿ ನಿಂತಿದೆ ನೋಡಿ. ಕ್ರಷ್ ವಾಷರ್ ಜೊತೆ ಅಲ್ಲಿಂದ ಕಾಲು ಸುತ್ತಿನಿಂದ ಮುಕ್ಕಾಲು ಸುತ್ತಿನೊಳಗೆ ಸರಿಯಾದ ದಿಕ್ಕಿಗೆ ಬಂದರೆ ಒಳ್ಳೆಯದು. ಟಾರ್ಕ್ ರೆಂಚಿನಲ್ಲಿ 15ರಿಂದ 20 ಫುಟ್ ಪೌಂಡ್ ಸಾಕು. ಮೂತಿಯ ಜೊತೆ ಬಂದ ಕಾಗದದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಲೀನಿಯರ್ ಮೂತಿ ಸುತ್ತಲೂ ಒಂದೇ ತೆರನಾಗಿರುವುದರಿಂದ ಈ ದಿಕ್ಕಿನ ತಲೆನೋವೇ ಇಲ್ಲ. ನೀಲಿ ಲಾಕ್‌ಟೈಟ್ ಇಲ್ಲಿನ ಬಿಸಿಗೆ ನಿಲ್ಲುವುದಿಲ್ಲ. ಅಂಟು ಬೇಕೇ ಬೇಕೆಂದಾದರೆ ರಾಕ್‌ಸೆಟ್ ಎಂಬುದಿದೆ. ಬೆಂಕಿಗೆ ಜಗ್ಗುವುದಿಲ್ಲ, ಬಿಚ್ಚಬೇಕಾದಾಗ ನೀರಿನಲ್ಲಿ ನೆನೆಸಿಟ್ಟರೆ ಸಡಿಲಗೊಳ್ಳುತ್ತದೆ.

ಕೊನೆಗೆ ನಳಿಗೆಯೊಳಗೆ ಅಲೈನ್‌ಮೆಂಟ್ ರಾಡ್ ಎಂಬ ನೇರ ಸರಳು ತೂರಿಸಿ ನೋಡಿ, ರಂಧ್ರದ ನಟ್ಟನಡುವೆ ಬರಬೇಕು. ಸೈಲೆನ್ಸರ್ ಹಾಕುವವರಿಗೆ ಇದು ಕಡ್ಡಾಯ.

ಮೊದಲ ದಿನ ರೇಂಜಿನಲ್ಲಿ

ಕನ್ನಡಕ, ಪ್ಲಗ್, ಮಫ್. ಒಂದು ಗುಂಡು ಮಾತ್ರ ತುಂಬಿ ಹಾರಿಸಿ, ಬಂದೂಕು ಖಾಲಿ ಮಾಡಿ, ತಣ್ಣಗಾದ ಮೇಲೆ ಮೂತಿಯ ಒಳಬದಿ ನೋಡಿ. ತಾಮ್ರದ ಬಣ್ಣದ ಹೊಸ ಗೀರು ಕಂಡರೆ ಗುಂಡು ತಾಗುತ್ತಿದೆ, ಅಲ್ಲಿಗೇ ನಿಲ್ಲಿಸಿ. ಗೀರು ಇಲ್ಲದಿದ್ದರೆ ಐದು ಗುಂಡಿನ ಗುಂಪು ಹಾರಿಸಿ. ಮೂತಿ ಬದಲಾದರೆ ಗುಂಡು ಬೀಳುವ ಜಾಗ ಬದಲಾಗುವುದು ಮಾಮೂಲು, ದೃಷ್ಟಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಬೆಂಕಿ ನೋಡಬೇಕೆಂದರೆ, ರೇಂಜಿನವರು ಒಪ್ಪಿದರೆ ಮುಸ್ಸಂಜೆಯಲ್ಲಿ ಹಿಂದೆ ನಿಂತ ಗೆಳೆಯರಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಸಿ. ಎರಡು ಮೂರು ಕಂಪನಿಗಳ ಗುಂಡು ಹಾರಿಸಿ ಹೋಲಿಸಿ. ಎಷ್ಟೋ ಸಲ ಮೂತಿ ಬದಲಿಸಿ ಸಿಗದ ಫಲ ಗುಂಡು ಬದಲಿಸಿದಾಗ ಸಿಗುತ್ತದೆ; ಬೆಂಕಿ ತಗ್ಗಿಸುವ ರಾಸಾಯನಿಕ ಬೆರೆಸಿದ ಮದ್ದುಗಳಿವೆ. ಹತ್ತೂವರೆ ಇಂಚಿಗೆ ಎ2 ಹಾಕಿಕೊಂಡು, ಅಂಥ ಗುಂಡು ಕೊಂಡು ನೆಮ್ಮದಿಯಾಗಿರುವ ಗೆಳೆಯರು ನನಗಿದ್ದಾರೆ. ಅವರ ಒಟ್ಟು ಖರ್ಚು ನನ್ನ ಮೊದಲ ಬ್ರೇಕಿನ ಅರ್ಧದಷ್ಟೂ ಇಲ್ಲ.

ಪಕ್ಕದವರನ್ನೂ ಒಂದು ಮಾತು ಕೇಳಿ. ಹಾರಿಸುವವನಿಗೆ ತನ್ನ ಬಂದೂಕು ಪಕ್ಕದವರಿಗೆ ಹೇಗೆ ಕೇಳಿಸುತ್ತದೆಂದು ತಿಳಿಯುವುದೇ ಇಲ್ಲ. ಒಂದು ಸಲ ಬಂದೂಕನ್ನು ಗೆಳೆಯನ ಕೈಗೆ ಕೊಟ್ಟು ನೀವೇ ಪಕ್ಕದ ಲೇನಿಗೆ ಹೋಗಿ ನಿಲ್ಲಿ. ನಾನು ಹಾಗೆ ನಿಂತ ದಿನವೇ ಬ್ರೇಕ್ ಬಿಚ್ಚಿದೆ.

ಆ ಬ್ರೇಕ್ ಈಗ ನನ್ನ 16 ಇಂಚಿನ ರೈಫಲಿನ ಮೇಲಿದೆ, ಬಯಲು ರೇಂಜಿಗೆ ಹೋದಾಗ ಮಾತ್ರ ಹೊರಗೆ ಬರುತ್ತದೆ. ಪಿಸ್ತೂಲಿಗೆ ಲೀನಿಯರ್ ಮೂತಿ. ಎರಡು ತಿಂಗಳ ಹಿಂದೆ ಅದೇ ಒಳಾಂಗಣ ರೇಂಜಿನಲ್ಲಿ ಪಕ್ಕದ ಲೇನಿಗೆ ರಿವಾಲ್ವರ್ ಪೆಟ್ಟಿಗೆ ಹಿಡಿದ ಒಬ್ಬರು ಹಿರಿಯರು ಬಂದರು. ಅವರೇ ಇವರೋ ಅಲ್ಲವೋ, ಮಫ್ ಹಾಕಿಕೊಂಡ ಮೇಲೆ ಎಲ್ಲರೂ ಒಂದೇ ತರಹ ಕಾಣುತ್ತಾರೆ. ನಾನು ಎರಡು ಮ್ಯಾಗಜಿನ್ ಮುಗಿಸುವವರೆಗೂ ಅವರು ತಮ್ಮ ಪಾಡಿಗೆ ಗುರಿಯಿಡುತ್ತಲೇ ಇದ್ದರು.